ಕರೆಂಟ್ ಬಂತು, ನೆಟ್ ಬಂತು, ಟನಲ್ ಮಾತ್ರ ಏಳಲಿಲ್ಲ: ವೈರ್‌ಗಾರ್ಡ್ ದೋಷ ಹುಡುಕಿದ ಬಗೆ

"ಸರ, ಕರೆಂಟ್ ಬಂದದ್ರಿ, ನೆಟ್ಟೂ ಬಂದದ್ರಿ. ಚೀಟಿ ಮಾತ್ರ ಹೊಂಟಿಲ್ಲ."

ಕಾಕಾರ ಫೋನ್ ಬಂದರೆ ಮೊದಲ ಮಾತು ಇದೇ ಆಗಿರುತ್ತಿತ್ತು. ಕಲಬುರಗಿಯ ನೆಹರು ಗಂಜ್‌ನಲ್ಲಿರುವ ಒಂದು ದಾಲ್ ಮಿಲ್‌ಗೆ ನಾನು ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಆಫೀಸು ಗಂಜ್‌ನಲ್ಲಿದೆ, ತೂಕದ ಕಾಟಾ ಆಳಂದ ರಸ್ತೆಯ ಗೋದಾಮಿನಲ್ಲಿದೆ. ಕಾಟಾ ನೋಡಿಕೊಳ್ಳುವವರು ಕಾಕಾ. ತೊಗರಿ ತುಂಬಿದ ಟ್ರ್ಯಾಕ್ಟರ್ ಕಾಟಾ ಮೇಲೆ ನಿಂತರೆ ತೂಕ ಕಂಪ್ಯೂಟರಿಗೆ ಬರುತ್ತದೆ. ಅಲ್ಲಿಂದ ಟನಲ್ ಮೂಲಕ, ಅಂದರೆ ವೈರ್‌ಗಾರ್ಡ್ ಅನ್ನುವ ಪ್ರೋಗ್ರಾಂ ಇಂಟರ್‌ನೆಟ್ ಮೇಲೆ ಮಾಡಿಕೊಡುವ ಖಾಸಗಿ ದಾರಿಯಲ್ಲಿ, ಆಫೀಸಿನ ಲೆಕ್ಕದ ಮಷಿನ್‌ಗೆ ಹೋಗುತ್ತದೆ. ಆಮೇಲೆ ಚೀಟಿ ಪ್ರಿಂಟ್ ಆಗುತ್ತದೆ. ಟನಲ್ ಬಿದ್ದರೆ ಚೀಟಿ ಇಲ್ಲ. ಚೀಟಿ ಕೈಗೆ ಬಾರದೆ ರೈತರು ಮಾಲು ಇಳಿಸುವುದಿಲ್ಲ, ಇಳಿಸಲೂಬಾರದು. ಜನವರಿಯ ಸೀಸನ್‌ನಲ್ಲಿ ಒಂದು ತಾಸು ಟನಲ್ ಇಲ್ಲ ಅಂದರೆ ಗೇಟಿನಿಂದ ರಸ್ತೆವರೆಗೂ ಗಾಡಿಗಳ ಸಾಲು. ಬೆಳಗಿನ ಜಾವ ಊರು ಬಿಟ್ಟು ಬಂದವರು ಬಿಸಿಲಲ್ಲಿ ನಿಂತಿರುತ್ತಾರೆ. ಅದಕ್ಕೇ ಈ ದೋಷದ ಬೆನ್ನು ಬಿದ್ದೆ.

ಹುಡುಕಲು ಹೆಚ್ಚುಕಡಿಮೆ ಒಂದು ತಿಂಗಳು ಹಿಡಿಯಿತು. ಕಾರಣ ಗೊತ್ತಿದ್ದರೆ ಹತ್ತು ನಿಮಿಷದ ಕೆಲಸ. ಕರೆಂಟ್ ಹೋಗಿ ಬರುವ ಜಾಗದಲ್ಲಿ ಚಿಕ್ಕ ಬೋರ್ಡ್ ಇಟ್ಟು ಟನಲ್ ನಡೆಸುವ ಎಲ್ಲರಿಗೂ ಇದು ಬರಬಹುದಾದ ತೊಂದರೆ. ಆದ್ದರಿಂದ ಪೂರ್ತಿ ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ.

ಜೋಡಣೆ ಹೀಗಿತ್ತು

ಆಫೀಸಿನ ಬ್ರಾಡ್‌ಬ್ಯಾಂಡ್‌ಗೂ ಕಾಟಾದ ಬ್ರಾಡ್‌ಬ್ಯಾಂಡ್‌ಗೂ ಸ್ವಂತ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರವಾಗಿ ತಲುಪಬಹುದಾದ ಇಂಟರ್‌ನೆಟ್ ವಿಳಾಸ, ಇಲ್ಲ. ರೂಟರ್‌ನ ಪುಟದಲ್ಲಿ ವ್ಯಾನ್ (ಹೊರಗಿನ ನೆಟ್ ಕಡೆಯ) ವಿಳಾಸ 100.64 ರಿಂದ 100.127 ರ ನಡುವೆ ಶುರುವಾದರೆ ನೀವೂ ಇದೇ ಸ್ಥಿತಿಯಲ್ಲಿದ್ದೀರಿ ಅಂತ ತಿಳಿಯಿರಿ. ಹೊರಗಿನಿಂದ ಯಾರೂ ನಿಮ್ಮ ರೂಟರಿನ ಬಾಗಿಲು ತಟ್ಟಲಾಗದು. ಪೋರ್ಟ್ ಫಾರ್ವರ್ಡ್ ಮಾಡಿ ಪ್ರಯೋಜನ ಇಲ್ಲ. ಹಾಗಾಗಿ ನಡುವೆ ಒಂದು ಬಾಡಿಗೆ ಸರ್ವರ್ ಇಟ್ಟು, ಎರಡೂ ಕಡೆಯವರು ಅದಕ್ಕೆ ಬಂದು ಸೇರುವ ಹಾಗೆ ಮಾಡಿದ್ದೆ. ಸರ್ವರ್ 10.8.0.1, ಆಫೀಸು 10.8.0.2, ಕಾಟಾ 10.8.0.3. ಸರ್ವರ್ ಯುಡಿಪಿ 51820 ಪೋರ್ಟ್‌ನಲ್ಲಿ ಕೇಳುತ್ತದೆ.

ಕಾಟಾ ರೂಮಿನಲ್ಲಿ ಟನಲ್ ನಡೆಸುವುದು ರಾಸ್ಪ್‌ಬೆರಿ ಪೈ 3 ಅನ್ನುವ ಚಿಕ್ಕ ಕಂಪ್ಯೂಟರ್ ಬೋರ್ಡ್. ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6 ಕರ್ನಲ್‌ನಿಂದ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಈಚೆಗೆ ಕರ್ನಲ್ ಒಳಗೇ ಇದೆ. ಬೇರೆ ಏನನ್ನೂ ಕಂಪೈಲ್ ಮಾಡಬೇಕಿಲ್ಲ. ಟೂಲ್ಸ್ ಪ್ಯಾಕೇಜ್ ಹಾಕಿ, ಒಂದು ಕಾನ್ಫಿಗ್ ಫೈಲ್ ಬರೆದು, "ಡಬ್ಲ್ಯೂಜಿ-ಕ್ವಿಕ್ ಅಪ್ ಡಬ್ಲ್ಯೂಜಿ0" ಅಂದರೆ ಮುಗಿಯಿತು.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕಾಟಾದ ಪೈನಲ್ಲಿ ಅಲೌಡ್‌ಐಪೀಸ್ ಸಾಲಿನಲ್ಲಿ 0.0.0.0/0 ಅಂತ ಬರೆದಿದ್ದೆ. ಅಂದರೆ ಪೈ ಹೊರಗೆ ಕಳಿಸುವ ಎಲ್ಲವೂ ಟನಲ್ ಒಳಗಿಂದಲೇ ಹೋಗಬೇಕು. ನನ್ನ ಫೋನ್‌ಗೆ ಮಾಡಿದ್ದ ಫೈಲ್ ನಕಲು ಮಾಡಿದಾಗ ಆ ಸಾಲು ಹಾಗೇ ಬಂದಿತ್ತು.

ಹಸಿರು ಬಣ್ಣ ನೋಡಿ ನಂಬಬೇಡಿ

ಮೊದಲ ಸಲ ಕಾಕಾರ ಫೋನ್ ಬಂದಾಗ ಗಾಡಿ ಹತ್ತಿ ಗೋದಾಮಿಗೆ ಹೋದೆ. ಪೈಗೆ ಕೀಬೋರ್ಡ್ ಸಿಕ್ಕಿಸಿ "ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಡಬ್ಲ್ಯೂಜಿ-ಕ್ವಿಕ್@ಡಬ್ಲ್ಯೂಜಿ0" ಹೊಡೆದೆ. ಹಸಿರು ಬಣ್ಣದಲ್ಲಿ "ಆ್ಯಕ್ಟಿವ್, ಎಕ್ಸಿಟೆಡ್" ಅಂತ ಬಂತು. ಸರ್ವಿಸ್ ಚೆನ್ನಾಗಿದೆ, ಅಂದರೆ ನೆಟ್ಟಿನದೇ ತೊಂದರೆ ಅಂದುಕೊಂಡೆ. ಅದು ತಪ್ಪು.

ಆ ಸರ್ವಿಸ್ ಒಂದೇ ಸಲ ಓಡಿ ಮುಗಿಯುವಂಥದ್ದು. ಇಂಟರ್‌ಫೇಸ್ ಎಬ್ಬಿಸುತ್ತದೆ, ವಿಳಾಸ ಕೊಡುತ್ತದೆ, ರೂಟ್ ಹಾಕುತ್ತದೆ, ಎದ್ದು ಹೋಗುತ್ತದೆ. ಆಮೇಲೆ ಆ ಕಡೆಯವರು ಉತ್ತರ ಕೊಟ್ಟರೋ ಇಲ್ಲವೋ ಅಂತ ಅದು ನೋಡುವುದೇ ಇಲ್ಲ. ಟನಲ್ ಸತ್ತು ಮೂರು ದಿನ ಆಗಿದ್ದರೂ ಬಣ್ಣ ಹಸಿರೇ.

ನೋಡಬೇಕಾದ್ದು "ಸುಡೊ ಡಬ್ಲ್ಯೂಜಿ ಶೋ". ಅದರಲ್ಲಿ ಎರಡೇ ಸಾಲು ಮುಖ್ಯ. ಒಂದು ಲೇಟೆಸ್ಟ್ ಹ್ಯಾಂಡ್‌ಶೇಕ್, ಅಂದರೆ ಎರಡೂ ಕಡೆಯವರು ಗುರುತು ಹಿಡಿದು ಕೊನೆಯ ಸಲ ಕೈಕುಲುಕಿ ಎಷ್ಟು ಹೊತ್ತಾಯಿತು ಅನ್ನುವುದು. ಮಾತುಕತೆ ನಡೆಯುತ್ತಿದ್ದರೆ ಎರಡು ನಿಮಿಷಕ್ಕೊಮ್ಮೆ ಹೊಸ ಹ್ಯಾಂಡ್‌ಶೇಕ್ ಆಗುತ್ತದೆ. ಹಾಗಾಗಿ ಅಲ್ಲಿ ಮೂರು ನಿಮಿಷಕ್ಕಿಂತ ಜಾಸ್ತಿ ಕಂಡರೆ ಟನಲ್ ಕೆಲಸ ಮಾಡುತ್ತಿಲ್ಲ. ಆ ಸಾಲೇ ಇಲ್ಲದಿದ್ದರೆ ಇಂಟರ್‌ಫೇಸ್ ಎದ್ದಾಗಿನಿಂದ ಒಂದು ಸಲವೂ ಕೈಕುಲುಕಿಲ್ಲ ಅಂತ ಅರ್ಥ. ಎರಡನೆಯದು ಟ್ರಾನ್ಸ್‌ಫರ್. ಕಾಟಾದಲ್ಲಿ ಆವತ್ತು ಕಂಡದ್ದು "0 ಬಿ ರಿಸೀವ್ಡ್". ಕಳಿಸಿದ ಲೆಕ್ಕ ಮಾತ್ರ ಏರುತ್ತಲೇ ಇತ್ತು. ಪೈ ಕರೆಯುತ್ತಿದೆ, ಉತ್ತರ ಇಲ್ಲ.

ಕಾಕಾರ ಫೋನ್ ಅದೇ ರೂಟರಿನ ವೈಫೈ ಮೇಲೆ ಚೆನ್ನಾಗಿ ಓಡುತ್ತಿತ್ತು. ಪೈಯಿಂದ ಹೊರಗೆ ಪಿಂಗ್ ಮಾಡಿದರೆ ಒಂದೂ ಹೋಗುತ್ತಿರಲಿಲ್ಲ. ಎಲ್ಲವೂ ಟನಲ್ ಒಳಗೇ ಹೋಗಬೇಕು ಅಂತ ನಾನೇ ಬರೆದಿದ್ದೆನಲ್ಲ, ಟನಲ್ ಸತ್ತರೆ ಪೈಗೆ ನೆಟ್ಟೂ ಸತ್ತ ಹಾಗೆ. ಆಗ ಅದು ಹೊಳೆಯಲಿಲ್ಲ. ಕೇಬಲ್ ಬದಲಿಸಿದೆ, ಅಡಾಪ್ಟರ್ ಬದಲಿಸಿದೆ. ಅಷ್ಟರಲ್ಲಿ ಟನಲ್ ತಾನಾಗೇ ಎದ್ದಿತು. ಅಡಾಪ್ಟರ್ ಕೆಟ್ಟಿತ್ತು ಅಂತ ಕಾಕಾರಿಗೆ ಹೇಳಿ ಬಂದೆ.

148 ಮತ್ತು 92

ಎರಡನೇ ವಾರ ಮತ್ತೆ ಅದೇ ಫೋನ್. ಈ ಸಲ ಗೋದಾಮಿಗೆ ಹೋಗದೆ ಸರ್ವರ್ ಕಡೆಯಿಂದ ನೋಡಿದೆ. ವೈರ್‌ಗಾರ್ಡ್ ದೋಷ ಹುಡುಕಲು ನನಗೆ ಅತಿ ಹೆಚ್ಚು ನೆರವಾಗಿರುವುದು ಇದೇ ದಾರಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವೈರ್‌ಗಾರ್ಡ್‌ಗೆ ಮಾತು ಕಡಿಮೆ. ಗುರುತಿಲ್ಲದವರು ಬಾಗಿಲು ಬಡಿದರೆ "ಇಲ್ಲ" ಅಂತಲೂ ಹೇಳದೆ ಸುಮ್ನೆ ಇರುತ್ತದೆ. ಅದನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ಪೋರ್ಟ್ ಸ್ಕ್ಯಾನ್ ಮಾಡುವವರಿಗೆ ಅಲ್ಲೊಂದು ಸರ್ವಿಸ್ ಇದೆ ಅಂತಲೇ ತಿಳಿಯಬಾರದು. ಆದರೆ ರಿಪೇರಿ ಮಾಡುವವರಿಗೂ ಅದು ಅಷ್ಟೇ ಮೌನ. ತಪ್ಪು ಕೀ (ಗುರುತಿನ ಸಂಕೇತ) ಇರಲಿ, ಮುಚ್ಚಿದ ಫೈರ್‌ವಾಲ್ ಇರಲಿ, ನೆಟ್ ಇಲ್ಲದಿರಲಿ, ಕಾಣುವುದು ಒಂದೇ: ಉತ್ತರ ಇಲ್ಲ.

ಆದರೆ ಪ್ಯಾಕೆಟ್‌ಗಳ, ಅಂದರೆ ನೆಟ್ಟಿನಲ್ಲಿ ಹೋಗುವ ಮಾಹಿತಿಯ ತುಂಡುಗಳ, ಉದ್ದ ಸುಳಿವು ಕೊಡುತ್ತದೆ. ಕೈಕುಲುಕಲು ಕರೆಯುವ ಮೊದಲ ಸಂದೇಶ ಯಾವಾಗಲೂ 148 ಬೈಟ್. ಅದಕ್ಕೆ ಬರುವ ಉತ್ತರ ಯಾವಾಗಲೂ 92 ಬೈಟ್. ಒಳಗೆ ಏನಿದೆ ಅಂತ ತಿಳಿಯಬೇಕಿಲ್ಲ, ಉದ್ದ ನೋಡಿದರೆ ಸಾಕು. ಸರ್ವರ್‌ನಲ್ಲಿ "ಸುಡೊ ಟಿಸಿಪಿಡಂಪ್ -ಎನ್ -ಐ ಈಟಿಎಚ್0 ಯುಡಿಪಿ ಪೋರ್ಟ್ 51820" ಹೊಡೆದು ಕೂತೆ. ನಿಮ್ಮ ಸರ್ವರ್‌ನ ನೆಟ್‌ವರ್ಕ್ ಕಾರ್ಡಿನ ಹೆಸರು ಬೇರೆ ಇದ್ದರೆ ಅದನ್ನು ಹಾಕಿ.

148 ಒಂದೂ ಕಾಣದಿದ್ದರೆ ತೊಂದರೆ ದಾರಿಯಲ್ಲಿದೆ. ಕಾಟಾ ಕಡೆಯ ನೆಟ್, ತಪ್ಪು ವಿಳಾಸ, ಇಲ್ಲವೇ ಸರ್ವರ್‌ಗೂ ಮೊದಲೇ ತಡೆಯುವ ಫೈರ್‌ವಾಲ್. 148 ಬಂದು, 92 ಹೊರಟು, ಮತ್ತೆ ಐದು ಸೆಕೆಂಡಿಗೆ 148 ಬಂದರೆ, ಉತ್ತರ ಕಾಟಾ ಮುಟ್ಟುತ್ತಿಲ್ಲ. ಇನ್ನು 148 ಬರುತ್ತಲೇ ಇದ್ದು 92 ಒಂದೂ ಹೊರಡದಿದ್ದರೆ, ನೆಟ್ಟಿನ ತಪ್ಪಿಲ್ಲ. ಟಿಸಿಪಿಡಂಪ್ ತೋರಿಸುವುದು ಸರ್ವರ್‌ನ ಸ್ವಂತ ಫೈರ್‌ವಾಲ್‌ಗೂ ಮೊದಲಿನ ಪ್ಯಾಕೆಟ್. ಹಾಗಾಗಿ ಆ ಫೈರ್‌ವಾಲ್‌ನಲ್ಲಿ 51820 ತೆರೆದಿದೆ ಅಂತ ಖಚಿತ ಮಾಡಿಕೊಳ್ಳಿ. ತೆರೆದಿದ್ದರೆ, ಸರ್ವರ್ ನೋಡಿಯೂ ಉತ್ತರ ಕೊಡಲು ಒಪ್ಪುತ್ತಿಲ್ಲ ಅಂತಲೇ ಅರ್ಥ.

ನನಗೆ ಕಂಡದ್ದು ಮೂರನೆಯದು. ಐದೈದು ಸೆಕೆಂಡಿಗೆ "ಲೆಂತ್ 148", "ಲೆಂತ್ 148", "ಲೆಂತ್ 148". ಹೊರಗೆ ಒಂದೂ ಇಲ್ಲ. ಆಫೀಸಿನ ಪೀರ್ (ಟನಲ್‌ಗೆ ಸೇರಿದ ಇನ್ನೊಂದು ಮಷಿನ್) ಅದೇ ಸರ್ವರ್‌ನಲ್ಲಿ, ಅದೇ ಪೋರ್ಟ್‌ನಲ್ಲಿ ಆರಾಮಾಗಿ ಮಾತಾಡುತ್ತಿತ್ತು. ಅಂದರೆ ಫೈರ್‌ವಾಲ್ ಕೂಡ ತೆರೆದೇ ಇತ್ತು.

ಸರ್ವರ್ ಯಾಕೆ ಒಪ್ಪುತ್ತಿಲ್ಲ ಅಂತ ಕೇಳಲು ಕರ್ನಲ್‌ನ ಬಾಯಿ ಬಿಡಿಸಬೇಕು. "ಎಕೋ ಮಾಡ್ಯೂಲ್ ವೈರ್‌ಗಾರ್ಡ್ +ಪಿ" ಅನ್ನುವುದನ್ನು "/ಸಿಸ್/ಕರ್ನಲ್/ಡಿಬಗ್/ಡೈನಾಮಿಕ್_ಡಿಬಗ್/ಕಂಟ್ರೋಲ್" ಫೈಲಿಗೆ ರೂಟ್ ಆಗಿ ಬರೆಯಿರಿ. ಆಮೇಲೆ "ಡಿಎಂಇಎಸ್‌ಜಿ -ಡಬ್ಲ್ಯೂ" ಹಾಕಿ ನೋಡಿ. "ಇನ್‌ವ್ಯಾಲಿಡ್ ಮ್ಯಾಕ್ ಆಫ್ ಹ್ಯಾಂಡ್‌ಶೇಕ್" ಅಂತ ಬಂದರೆ ಕ್ಲೈಂಟ್‌ನಲ್ಲಿ ಸರ್ವರ್‌ನ ಪಬ್ಲಿಕ್ ಕೀ ತಪ್ಪಿದೆ. "ಇನ್‌ವ್ಯಾಲಿಡ್ ಹ್ಯಾಂಡ್‌ಶೇಕ್ ಇನಿಶಿಯೇಷನ್" ಅಂತ ಬಂದರೆ ಸರ್ವರ್‌ನ ಕೀ ಸರಿ ಇದೆ, ಆದರೆ ಕರೆಯುತ್ತಿರುವವರನ್ನು ಸರ್ವರ್ ಒಪ್ಪುತ್ತಿಲ್ಲ. ಕೆಲಸ ಮುಗಿದ ಮೇಲೆ ಅದೇ ಸಾಲನ್ನು "-ಪಿ" ಹಾಕಿ ಆರಿಸಿ, ಇಲ್ಲದಿದ್ದರೆ ಲಾಗ್ ತುಂಬುತ್ತದೆ.

ನನಗೆ ಬಂದದ್ದು ಎರಡನೆಯ ಸಾಲು. ಸಾಮಾನ್ಯವಾಗಿ ಇದಕ್ಕೆ ಕಾರಣ ಕ್ಲೈಂಟ್‌ನ ಕೀ ಸರ್ವರ್‌ನಲ್ಲಿ ಇಲ್ಲದಿರುವುದು. ಆದರೆ ಬೆಳಗ್ಗೆ ಇದೇ ಕೀ ಇಟ್ಟುಕೊಂಡು ನಲವತ್ತು ಚೀಟಿ ಹೊರಟಿದ್ದವು. ಯಾರೂ ಫೈಲ್ ಮುಟ್ಟಿರಲಿಲ್ಲ.

ಸರ್ವರ್ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿತ್ತು

ಗಾಡಿಗಳು ನಿಂತಿದ್ದವು. ಸರ್ವರ್‌ನಲ್ಲಿ "ಡಬ್ಲ್ಯೂಜಿ-ಕ್ವಿಕ್ ಡೌನ್ ಡಬ್ಲ್ಯೂಜಿ0", ಮತ್ತೆ "ಅಪ್" ಮಾಡಿದೆ. ಐದೇ ಸೆಕೆಂಡಿನಲ್ಲಿ 148 ಬಂತು, 92 ಹೋಯಿತು, ಟನಲ್ ಎದ್ದಿತು.

ಈ ಯಶಸ್ಸೇ ನನ್ನ ದಾರಿ ತಪ್ಪಿಸಿತು. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ ಅಂದರೆ ಸರ್ವರ್‌ನಲ್ಲೇ ಏನೋ ಸಿಕ್ಕಿಕೊಳ್ಳುತ್ತಿದೆ ಅಂದುಕೊಂಡೆ. ಸರ್ವರ್‌ನ ಕರ್ನಲ್ ಅಪ್‌ಡೇಟ್ ಮಾಡಿದೆ. ಫೈರ್‌ವಾಲ್ ನಿಯಮಗಳನ್ನೆಲ್ಲ ಮತ್ತೆ ಬರೆದೆ. ಕೀ ಜೋಡಿಗಳನ್ನೇ ಹೊಸದಾಗಿ ಮಾಡಿದೆ. ಹೊಸ ಕೀ ಹಾಕಿದ ಮೇಲೆ ಐದು ದಿನ ಚೆನ್ನಾಗಿ ನಡೆದು ಆರನೇ ದಿನ ಮತ್ತೆ ಬಿತ್ತು. ಆ ಐದು ದಿನ ಕರೆಂಟ್ ಹೋಗಿರಲಿಲ್ಲ ಅಂತ ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು.

ಪರೀಕ್ಷೆ ಮಾಡುವಾಗಲೂ ಎಡವಿದೆ. ಪೈಯನ್ನು ಮನೆಗೆ ತಂದು "ಸುಡೊ ರೀಬೂಟ್" ಕೊಟ್ಟು ಕೊಟ್ಟು ನೋಡಿದೆ. ಹತ್ತು ಸಲ ಕೊಟ್ಟರೂ ಹತ್ತೂ ಸಲ ಟನಲ್ ಒಂದು ನಿಮಿಷದೊಳಗೆ ಎದ್ದಿತು. ಪೈ ಚೆನ್ನಾಗಿದೆ ಅಂತ ತೀರ್ಮಾನಿಸಿ ವಾಪಸ್ ಇಟ್ಟು ಬಂದೆ. ಕಮಾಂಡ್ ಕೊಟ್ಟು ಆರಿಸುವುದೂ ಕರೆಂಟ್ ಹೋಗಿ ಆರುವುದೂ ಒಂದೇ ಅಲ್ಲ. ಈ ದೋಷ ಇದ್ದದ್ದೇ ಆ ಎರಡರ ನಡುವೆ.

ಕಾಕಾರ ವಹಿ

ಕಾಕಾರ ಹತ್ತಿರ ಕೆಂಪು ಬಟ್ಟೆಯ ರಟ್ಟಿನ ಒಂದು ವಹಿ ಇದೆ. ಕಂಪ್ಯೂಟರ್ ಬಂದ ಮೇಲೂ ಪ್ರತಿ ಗಾಡಿಯ ತೂಕ ಅದರಲ್ಲಿ ಬರೆಯುತ್ತಾರೆ. ನಾಲ್ಕನೇ ಸಲ ಹೋದಾಗ ಅವರೇ ಅದನ್ನು ನನ್ನ ಮುಂದೆ ತೆರೆದಿಟ್ಟರು. "ನೋಡ್ರಿ ಸರ, ಕರೆಂಟ್ ಯಾವಾಗ ಹೋತು, ಯಾವಾಗ ಬಂತು, ಚೀಟಿ ಯಾವಾಗ ಚಾಲೂ ಆತು, ಎಲ್ಲಾ ಬರ್ದಿಟ್ಟೀನಿ. ಒಮ್ಮೆ ಲಗೂನ ಬರ್ತದ, ಒಮ್ಮೆ ತಾಸು ಆದ್ರೂ ಬರಂಗಿಲ್ಲ. ಅದರಾಗ ಏನರ ಅದ ಏನ್ ನೋಡ್ರಿ."

ಮೂರು ಸಾಲು ಹೀಗಿದ್ದವು. ಕರೆಂಟ್ ಹೋದದ್ದು 11:20, ಬಂದದ್ದು 11:45, ಚೀಟಿ ಶುರು 11:50ರ ಹೊತ್ತಿಗೆ. ಇನ್ನೊಂದು ದಿನ ಹೋದದ್ದು 2:50, ಬಂದದ್ದು 3:40, ಚೀಟಿ ಶುರು 4:15. ಮತ್ತೊಂದು ಸಂಜೆ ಹೋದದ್ದು 6:10, ಬಂದದ್ದು 6:30, ಚೀಟಿ ಶುರು 7:25.

ಕರೆಂಟ್ ಬಂದಾಗಿನಿಂದ ಟನಲ್ ಏಳುವವರೆಗೆ ಒಮ್ಮೆ ಐದು ನಿಮಿಷ, ಒಮ್ಮೆ 35, ಒಮ್ಮೆ 55. ಕರೆಂಟ್ ಎಷ್ಟು ಹೊತ್ತು ಹೋಗಿತ್ತು ಅನ್ನುವುದಕ್ಕೂ ಇದಕ್ಕೂ ತಾಳೆ ಇಲ್ಲ. 20 ನಿಮಿಷ ಹೋದಾಗ 55 ನಿಮಿಷ ತಡ, 50 ನಿಮಿಷ ಹೋದಾಗ 35 ನಿಮಿಷ ತಡ. ಮತ್ತೆ ಮತ್ತೆ ನೋಡಿದಾಗ ಕರೆಂಟ್ ಹೋದ ಹೊತ್ತಿನ ಮೇಲೆ ಕಣ್ಣು ಬಿತ್ತು. ತಾಸಿನ ಮೇಲೆ 20 ನಿಮಿಷಕ್ಕೆ ಹೋದರೆ ತಡ ಕಡಿಮೆ. 50ಕ್ಕೆ ಹೋದರೆ ಜಾಸ್ತಿ. 10ಕ್ಕೆ ಹೋದರೆ ಇನ್ನೂ ಜಾಸ್ತಿ. ಪ್ರತಿ ತಾಸಿಗೂ 15 ನಿಮಿಷದ ಆಸುಪಾಸಿನಲ್ಲಿ ಪೈ ಒಳಗೆ ಏನೋ ನಡೆಯುತ್ತಿರಬೇಕು. ಅಲ್ಲಿಂದ ಕರೆಂಟ್ ಹೋಗುವವರೆಗೆ ಎಷ್ಟು ನಿಮಿಷ ಆಗಿದೆಯೋ ಅಷ್ಟೇ ನಿಮಿಷ ಟನಲ್ ತಡ.

ಕಾಕಾ ವಹಿ ತೆರೆದಿಟ್ಟದ್ದು ಆ 6:30ರ ಸಂಜೆಯೇ. ಕೊನೆಯ ಸಾಲಿನ ಚೀಟಿಯ ಹೊತ್ತು ಅವರು ಬರೆದದ್ದು ಆಮೇಲೆ. ನಾನು ಪೈ ಮುಂದೆ ಕೂತಾಗ ನನ್ನ ಫೋನ್‌ನಲ್ಲಿ 6:54. "ಡೇಟ್" ಅಂತ ಹೊಡೆದೆ. ಪೈ 5:41 ಅಂತ ತೋರಿಸಿತು.

ಎದ್ದು 24 ನಿಮಿಷ ಆಗಿತ್ತು. 5:41ರಿಂದ 24 ಕಳೆದರೆ 5:17. ಪೈ ಎಚ್ಚರವಾದಾಗ ಹೊತ್ತು 5:17 ಅಂತ ತಿಳಿದುಕೊಂಡಿತ್ತು.

ಗಡಿಯಾರಕ್ಕೂ ಹ್ಯಾಂಡ್‌ಶೇಕ್‌ಗೂ ಏನು ಸಂಬಂಧ

ರಾಸ್ಪ್‌ಬೆರಿ ಪೈ 3ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಹೋದರೆ ಹೊತ್ತೂ ಹೋಯಿತು. ಅದಕ್ಕೆ ಬದಲಿಯಾಗಿ ಫೇಕ್-ಎಚ್‌ಡಬ್ಲ್ಯೂಕ್ಲಾಕ್ ಅನ್ನುವ ಚಿಕ್ಕ ಪ್ರೋಗ್ರಾಂ ಆಗಿನ ಹೊತ್ತನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಮತ್ತೆ ಎದ್ದಾಗ ಆ ಹೊತ್ತನ್ನೇ ಇಟ್ಟುಕೊಂಡು ಶುರು ಮಾಡುತ್ತದೆ. ಬರೆದಿಡುವುದು ಯಾವಾಗ? ಸರಿಯಾಗಿ ಶಟ್‌ಡೌನ್ ಆಗುವಾಗ ಒಮ್ಮೆ, ಮತ್ತೆ ತಾಸಿಗೊಮ್ಮೆ ತಾನಾಗೇ ಓಡುವ ಕ್ರಾನ್ ಕೆಲಸದಲ್ಲಿ ಒಮ್ಮೆ. ಡೆಬಿಯನ್ ಲಿನಕ್ಸ್‌ನಲ್ಲಿ ಆ ಕ್ರಾನ್ ಓಡುವುದು ಪ್ರತಿ ತಾಸಿನ 17ನೇ ನಿಮಿಷಕ್ಕೆ. "ಕ್ಯಾಟ್ /ಇಟಿಸಿ/ಕ್ರಾನ್‌ಟ್ಯಾಬ್" ಹೊಡೆದು ನೋಡಿದೆ, 17 ಅಂತಲೇ ಇತ್ತು. ರೀಬೂಟ್ ಕೊಟ್ಟಾಗ ದೋಷ ಯಾಕೆ ಕಾಣಲಿಲ್ಲ ಅಂತಲೂ ಆಗ ತಿಳಿಯಿತು. ಶಟ್‌ಡೌನ್ ಆಗುವಾಗ ಹೊತ್ತು ಬರೆದಿಡುತ್ತಿತ್ತು.

ಇನ್ನು ವೈರ್‌ಗಾರ್ಡ್. ಆ 148 ಬೈಟ್‌ನ ಒಳಗೆ ಕಳಿಸಿದವರ ಗಡಿಯಾರದ ಹೊತ್ತೂ ಇರುತ್ತದೆ. ಪ್ರತಿ ಪೀರ್‌ನಿಂದ ಬಂದ ಕೊನೆಯ ಹೊತ್ತನ್ನು ಸರ್ವರ್ ನೆನಪಿಟ್ಟುಕೊಳ್ಳುತ್ತದೆ. ಮುಂದೆ ಬರುವ ಸಂದೇಶದ ಹೊತ್ತು ಅದಕ್ಕಿಂತ ಮುಂದಿನದಾಗಿರಲೇಬೇಕು. ಹಿಂದಿನದಾದರೆ ಬಿಸಾಡುತ್ತದೆ. ಕಾಟಾ ಚೀಟಿಯ ನಂಬರ್ ಇದ್ದ ಹಾಗೆ. 412ನೇ ಚೀಟಿ ಜಮಾ ಆದ ಮೇಲೆ ಯಾರಾದರೂ 398 ಹಿಡಿದು ಬಂದರೆ ಗುಮಾಸ್ತ ತೆಗೆದುಕೊಳ್ಳುವುದಿಲ್ಲ, ಸಹಿ ಸರಿ ಇದ್ದರೂ ಸರಿ. ಯಾರೋ ನಡುವೆ ಹಳೇ ಪ್ಯಾಕೆಟ್ ಹಿಡಿದಿಟ್ಟು ಮತ್ತೆ ಕಳಿಸಿ ಮೋಸ ಮಾಡಬಾರದು ಅಂತ ಈ ನಿಯಮ. ಅದು ಸರಿಯಾದ ನಿಯಮವೇ.

6:10ಕ್ಕೆ ಕರೆಂಟ್ ಹೋಗುವ ಮುಂಚೆ ಪೈ 6:09ರ ಹೊತ್ತು ಹಾಕಿ ಕೈಕುಲುಕಿತ್ತು. ಎದ್ದ ಮೇಲೆ 5:17, 5:18 ಅಂತ ಹಾಕಿ ಕಳಿಸುತ್ತಿತ್ತು. ಸರ್ವರ್ ಬಿಸಾಡುತ್ತಿತ್ತು. ಪೈಯ ಗಡಿಯಾರ ನಡೆಯುತ್ತಾ ನಡೆಯುತ್ತಾ 6:09 ದಾಟುವವರೆಗೆ, ಅಂದರೆ 52 ನಿಮಿಷ, ಇದೇ ಕತೆ. ವಹಿಯ ಲೆಕ್ಕ ಕೂಡಿ ಬಂತು. ಸರ್ವರ್ ರೀಸ್ಟಾರ್ಟ್ ಮಾಡಿದಾಗ ಎದ್ದದ್ದು ಯಾಕೆ? ಆ ನೆನಪು ಇರುವುದು ಸರ್ವರ್‌ನ ರ‍್ಯಾಮ್‌ನಲ್ಲಿ ಮಾತ್ರ. ಇಂಟರ್‌ಫೇಸ್ ಇಳಿಸಿದರೆ ಅಳಿಸಿ ಹೋಗುತ್ತದೆ. ಕೀ ಬದಲಿಸಿದಾಗಲೂ ಅದೇ ಆದದ್ದು.

ಹಾಗಾದರೆ ಪೈ ಇಂಟರ್‌ನೆಟ್‌ನಿಂದ ಸರಿಯಾದ ಹೊತ್ತು ಯಾಕೆ ತರಲಿಲ್ಲ? ನೆಟ್ಟಿನಿಂದ ಹೊತ್ತು ತರುವ ಎನ್‌ಟಿಪಿ ಸರ್ವಿಸ್ ಇತ್ತು, ಓಡುತ್ತಲೂ ಇತ್ತು. ಆದರೆ 0.0.0.0/0 ಬರೆದ ಕಾರಣ ಎನ್‌ಟಿಪಿಯ ಪ್ರಶ್ನೆಯೂ ಟನಲ್ ಒಳಗಿಂದಲೇ ಹೋಗಬೇಕಿತ್ತು. ಹೊತ್ತು ಸರಿಯಾಗದೆ ಟನಲ್ ಏಳದು, ಟನಲ್ ಏಳದೆ ಹೊತ್ತು ಸರಿಯಾಗದು. ಈ ಗಂಟನ್ನು ಹಾಕಿದ್ದು ನನ್ನ ಒಂದು ಸಾಲು.

ನಿಮ್ಮಲ್ಲಿ ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ಇದ್ದರೆ ಅದೂ ತನ್ನದೇ ಫೈಲಿನಲ್ಲಿ ಹೊತ್ತು ಇಟ್ಟುಕೊಳ್ಳುತ್ತದೆ. ಆಗ 17ರ ಲೆಕ್ಕ ಹೀಗೇ ಕೂಡುವುದಿಲ್ಲ, ತಡ ಕಡಿಮೆ ಆಗಬಹುದು. ದೋಷ ಮಾತ್ರ ಅದೇ. ಟೈಮ್ ಝೋನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪೈ ಯುಟಿಸಿ ತೋರಿಸಿದರೂ ಭಾರತದ ಹೊತ್ತು ತೋರಿಸಿದರೂ ಒಳಗಿನ ಎಣಿಕೆ ಒಂದೇ.

ರಿಪೇರಿ

ಗಾಡಿಗಳು ನಿಂತಿವೆ, ಈಗಲೇ ಟನಲ್ ಏಳಬೇಕು ಅಂದರೆ ಪೈಯ ಹೊತ್ತನ್ನು ಕೈಯಿಂದ ಸರಿಮಾಡಿ: "ಸುಡೊ ಡೇಟ್ -ಎಸ್" ಬರೆದು, ಪಕ್ಕದಲ್ಲಿ ಉದ್ಧರಣ ಚಿಹ್ನೆಯೊಳಗೆ ತಾರೀಕು, ಹೊತ್ತು. ಮುಂದಿನ ಐದು ಸೆಕೆಂಡಿನಲ್ಲಿ ಏಳುತ್ತದೆ. ಆದರೆ ವರ್ಷ, ತಿಂಗಳು ಎರಡು ಸಲ ನೋಡಿ ಎಂಟರ್ ಒತ್ತಿ. ಅವಸರದಲ್ಲಿ ಒಂದು ವರ್ಷ ಮುಂದಿನ ತಾರೀಕು ಹಾಕಿದಿರೋ, ಸರ್ವರ್ ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಸರಿಯಾದ ಹೊತ್ತು ಹಾಕಿದರೂ ಒಂದು ವರ್ಷ ಒಪ್ಪುವುದಿಲ್ಲ. ಹಾಗೆ ಆಗಿಬಿಟ್ಟರೆ ಸರ್ವರ್‌ನಲ್ಲಿ "ಡಬ್ಲ್ಯೂಜಿ ಸೆಟ್ ಡಬ್ಲ್ಯೂಜಿ0 ಪೀರ್", ಆ ಪೀರ್‌ನ ಪಬ್ಲಿಕ್ ಕೀ, "ರಿಮೂವ್" ಅಂತ ಕೊಟ್ಟು ಅದೊಂದನ್ನು ತೆಗೆಯಿರಿ. ಮತ್ತೆ "ಡಬ್ಲ್ಯೂಜಿ ಸಿಂಕ್‌ಕಾನ್ಫ್" ಮೂಲಕ ಫೈಲಿನಿಂದ ಸೇರಿಸಿ. ಇಡೀ ಇಂಟರ್‌ಫೇಸ್ ಇಳಿಸಿದರೆ ಆಫೀಸಿನವರೂ ಕಡಿದು ಹೋಗುತ್ತಾರೆ, ಇದರಲ್ಲಿ ಅವರಿಗೆ ತೊಂದರೆ ಇಲ್ಲ.

ಗಟ್ಟಿ ರಿಪೇರಿ ಅಂದರೆ ಅಲೌಡ್‌ಐಪೀಸ್ ಸಾಲು. ಕಾಟಾಗೆ ಬೇಕಿದ್ದದ್ದು ಆಫೀಸಿನ ಲೆಕ್ಕದ ಮಷಿನ್ ಮಾತ್ರ. 0.0.0.0/0 ತೆಗೆದು "10.8.0.0/24, 192.168.10.0/24" ಅಂತ ಬರೆದೆ. ಎರಡನೆಯದು ಆಫೀಸಿನ ಒಳಗಿನ ನೆಟ್‌ವರ್ಕ್. ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ಸಾಲು ಟನಲ್ ಒಳಗಿನ ವಿಳಾಸಕ್ಕೆ ತೋರಿಸುತ್ತಿತ್ತು, ಅದನ್ನೂ ತೆಗೆದೆ. ಎನ್‌ಟಿಪಿ ಸರ್ವರ್‌ನ ಹೆಸರು ಬಿಡಿಸಲೂ ಡಿಎನ್‌ಎಸ್ ಬೇಕಲ್ಲ, ಅದು ಟನಲ್ ಕಾಯುತ್ತಾ ಕೂತರೆ ಮತ್ತೆ ಅದೇ ಗಂಟು. ಸರ್ವರ್‌ನ ಎಂಡ್‌ಪಾಯಿಂಟ್ ಸಾಲಿನಲ್ಲೂ ಹೆಸರಿನ ಬದಲು ನೇರ ಐಪಿ ಹಾಕಿದೆ, ಏಕೆಂದರೆ ಅದು ಬದಲಾಗುವುದಿಲ್ಲ. ಪರ್ಸಿಸ್ಟೆಂಟ್‌ಕೀಪ್‌ಅಲೈವ್ 25 ಇರಲಿ. ಕಾಟಾ ಸುಮ್ನೆ ಇದ್ದರೂ ಪೈ ಕರೆಯುತ್ತಲೇ ಇರಬೇಕು.

ಇಷ್ಟು ಮಾಡಿದರೆ ನೆಟ್ ಬಂದ ಕೂಡಲೇ ಎನ್‌ಟಿಪಿ ನೇರವಾಗಿ ಹೊರಗೆ ಹೋಗಿ ಹೊತ್ತು ತರುತ್ತದೆ, ಟನಲ್ ಏಳುತ್ತದೆ. ಆದರೂ ನಾನು ಒಂದು ಗಡಿಯಾರ ಹಾಕಿಸಿದೆ. ಡಿಎಸ್3231 ಅನ್ನುವ ಚಿಕ್ಕ ಮಾಡ್ಯೂಲ್. ಪೈಯ 1ನೇ ಪಿನ್‌ಗೆ 3.3 ವೋಲ್ಟ್, 3 ಮತ್ತು 5ಕ್ಕೆ ಎಸ್‌ಡಿಎ, ಎಸ್‌ಸಿಎಲ್, 9ಕ್ಕೆ ಗ್ರೌಂಡ್. ಕಾನ್ಫಿಗ್ ಫೈಲಿನಲ್ಲಿ "ಡಿಟಿಓವರ್‌ಲೇ=ಐ2ಸಿ-ಆರ್‌ಟಿಸಿ,ಡಿಎಸ್3231" ಸೇರಿಸಿ, ಫೇಕ್-ಎಚ್‌ಡಬ್ಲ್ಯೂಕ್ಲಾಕ್ ತೆಗೆದು, ಹೊತ್ತು ಸರಿ ಇರುವಾಗ ಒಮ್ಮೆ "ಸುಡೊ ಎಚ್‌ಡಬ್ಲ್ಯೂಕ್ಲಾಕ್ -ಡಬ್ಲ್ಯೂ". ಬ್ಯಾಟರಿಯ ವಿಷಯದಲ್ಲಿ ಎಚ್ಚರ ಇರಲಿ. ಅಂಗಡಿಯಲ್ಲಿ ಸಿಗುವ ಹಲವು ಮಾಡ್ಯೂಲ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಸಿಆರ್2032 ಚಾರ್ಜ್ ಮಾಡುವಂಥ ಸೆಲ್ ಅಲ್ಲ. 5 ವೋಲ್ಟ್ ಪಿನ್‌ಗೆ ಹಾಕಿದರೆ ಅದು ಬಿಸಿಯಾಗಿ ಉಬ್ಬಬಹುದು. ಕಾಟಾ ರೂಮಿನ ತಗಡಿನ ಸೂರಿನ ಕೆಳಗೆ, ನಮ್ಮ ಮೇ ತಿಂಗಳ ಬಿಸಿಲಲ್ಲಿ, ಆ ಅಪಾಯ ಬೇಡ. ಪೈ 5 ಇದ್ದರೆ ಗಡಿಯಾರ ಬೋರ್ಡಿನಲ್ಲೇ ಇದೆ, ಅದಕ್ಕೆಂದೇ ಬರುವ ಬ್ಯಾಟರಿ ಸಿಕ್ಕಿಸಿದರೆ ಸಾಕು.

ಗಡಿಯಾರ ಸರಿ ಇದ್ದರೆ

ಬೇರೆ ಕಡೆ ನಾನು ಕಂಡ ದೋಷಗಳನ್ನು ಬೇಗ ಹೇಳಿಬಿಡುತ್ತೇನೆ. ಹ್ಯಾಂಡ್‌ಶೇಕ್ ಆಗುತ್ತದೆ, ಪಿಂಗ್ ಹೋಗುತ್ತದೆ, ಆದರೆ ದೊಡ್ಡ ಪುಟ ಅರ್ಧಕ್ಕೆ ನಿಲ್ಲುತ್ತದೆ ಅಂದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಉದ್ದ) ನೋಡಿ. ಸಾಮಾನ್ಯವಾಗಿ ಅದು 1420. ಐಪಿವಿ4 ದಾರಿಯಲ್ಲಿ ಟನಲ್‌ನ 60 ಬೈಟ್ ಸೇರಿ 1480 ಆಗುತ್ತದೆ, ಪಿಪಿಪಿಒಇ (ಯೂಸರ್‌ನೇಮ್ ಹಾಕಿ ಸೇರುವ) ಬ್ರಾಡ್‌ಬ್ಯಾಂಡ್‌ನ 1492ರ ಒಳಗೆ ಹಿಡಿಸುತ್ತದೆ. ಐಪಿವಿ6 ದಾರಿಯಾದರೆ 80 ಸೇರಿ 1500, ಹಿಡಿಸದು. ಅಲ್ಲಿ 1412 ಹಾಕಿ. ಮೊಬೈಲ್ ಡಾಟಾ ಮೇಲೆ ನಡೆಸುವಾಗ ನಾನು ಮೊದಲು 1280 ಹಾಕಿ ನೋಡುತ್ತೇನೆ.

ಪಿಂಗ್ ಮಾಡಿದಾಗ "ರಿಕ್ವೈರ್ಡ್ ಕೀ ನಾಟ್ ಅವೈಲಬಲ್" ಅಂತ ಬಂದರೆ ಆ ವಿಳಾಸ ಯಾವ ಪೀರ್‌ನ ಅಲೌಡ್‌ಐಪೀಸ್‌ನಲ್ಲೂ ಇಲ್ಲ. ಒಂದೇ ವಿಳಾಸವನ್ನು ಎರಡು ಪೀರ್‌ಗೆ ಬರೆದರೆ ಕೊನೆಯವರಿಗೇ ಸಿಗುತ್ತದೆ, ಮೊದಲಿನವರು ಸದ್ದಿಲ್ಲದೆ ಕಳೆದುಕೊಳ್ಳುತ್ತಾರೆ. ಒಂದೇ ಕೀ ಫೈಲನ್ನು ಎರಡು ಮಷಿನ್‌ಗೆ ನಕಲು ಮಾಡಿದ್ದರೆ "ಡಬ್ಲ್ಯೂಜಿ ಶೋ"ನಲ್ಲಿ ಆ ಪೀರ್‌ನ ಎಂಡ್‌ಪಾಯಿಂಟ್ ಆಗಾಗ ಬದಲಾಗುತ್ತಿರುತ್ತದೆ. ಇಬ್ಬರಿಗೂ ನೆಟ್ ಬಂದು ಬಂದು ಹೋಗುತ್ತದೆ. ಪ್ರತಿ ಮಷಿನ್‌ಗೂ ಬೇರೆ ಕೀ ಮಾಡಿ. ಎರಡೂ ಕಡೆಯ ರೂಟರ್ 192.168.1 ಅಂತಲೇ ಇದ್ದರೆ ಒಂದನ್ನು ಬದಲಿಸುವುದೇ ಸುಲಭದ ದಾರಿ. ಕಾನ್ಫಿಗ್‌ನಲ್ಲಿ ಸೇವ್‌ಕಾನ್ಫಿಗ್ ಆನ್ ಇದ್ದರೆ, ಇಂಟರ್‌ಫೇಸ್ ಎದ್ದಿರುವಾಗ ಫೈಲಿನಲ್ಲಿ ನೀವು ಮಾಡಿದ ತಿದ್ದುಪಡಿ "ಡೌನ್" ಕೊಟ್ಟ ಕೂಡಲೇ ಅಳಿಸಿ ಹೋಗುತ್ತದೆ. ಮೊದಲು ಡೌನ್, ಆಮೇಲೆ ತಿದ್ದಿ.

ಪ್ಲಗ್ ಎಳೆದೇ ಪರೀಕ್ಷೆ

ರಿಪೇರಿ ಆದ ಮೇಲೆ ಪರೀಕ್ಷೆ ಎರಡು ಸಲ ಮಾಡಿದೆ. ಗಡಿಯಾರದ ಮಾಡ್ಯೂಲ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ. ಈ ಸಲ ರೀಬೂಟ್ ಕೊಡಲಿಲ್ಲ. ಎಸ್‌ಡಿ ಕಾರ್ಡಿನ ಒಂದು ನಕಲು ತೆಗೆದಿಟ್ಟುಕೊಂಡು, ಏಕೆಂದರೆ ಹೀಗೆ ಆರಿಸಿದರೆ ಕಾರ್ಡ್ ಕೆಡುವುದೂ ಉಂಟು, ಮಧ್ಯಾಹ್ನ 1:14ಕ್ಕೆ ಗೋಡೆಯ ಸ್ವಿಚ್ ಆರಿಸಿದೆ. ಹಳೇ ಲೆಕ್ಕದಲ್ಲಿ ಅದೇ ಅತಿ ಕೆಟ್ಟ ಹೊತ್ತು. ಕೊನೆಯ ಸಲ ಹೊತ್ತು ಬರೆದಿಟ್ಟದ್ದು 12:17ಕ್ಕೆ, ಅಂದರೆ 57 ನಿಮಿಷ ಹಿಂದೆ. ರೂಟರ್ ಕೂಡ ಅದೇ ಸ್ವಿಚ್ ಮೇಲಿತ್ತು, ಅದೂ ಆರಿತು.

ಹತ್ತು ನಿಮಿಷ ಬಿಟ್ಟು 1:24ಕ್ಕೆ ಸ್ವಿಚ್ ಹಾಕಿದೆ. ಕಾಕಾ ವಹಿ ತೆರೆದು ಪೆನ್ನು ಹಿಡಿದು ನಿಂತಿದ್ದರು. ರೂಟರಿನ ದೀಪಗಳು ಒಂದೊಂದಾಗಿ ಹತ್ತಿದವು. 1:27ಕ್ಕೆ "ಡಬ್ಲ್ಯೂಜಿ ಶೋ"ನಲ್ಲಿ ಹ್ಯಾಂಡ್‌ಶೇಕ್ ಸಾಲು ಬಂತು. ಕಾಟಾ ಮೇಲೆ ಅಫಜಲಪುರ ಕಡೆಯ ಒಂದು ಟ್ರ್ಯಾಕ್ಟರ್ ನಿಂತಿತ್ತು. ಪ್ರಿಂಟರ್ ಸದ್ದು ಮಾಡಿತು. ಕಾಕಾ ಚೀಟಿ ಹರಿದು ರೈತರ ಕೈಗೆ ಕೊಟ್ಟು, ವಹಿಯಲ್ಲಿ ಹೊತ್ತು ಬರೆದುಕೊಂಡು, "ಮುಂದಿನ ಗಾಡಿ ಬರ್ಲಿ" ಅಂತ ಕೂಗಿದರು.